ಬೆರಳು ತೋರಿಸಬಾರದು

ನವೆಂಬರ್ 26, ಸೋಮವಾರ

ಎದುರುಮನೆಯ ಕಂಪಾ ಅಜ್ಜಿ ಇವತ್ತು ಬೆಳಿಗ್ಗೆ ಆರೂಕಾಲಿಗೆ ಹೋದರು.

ಎಂದಿನಂತೆ ಭಿಕ್ಷುಗಳ ದಾರಿ ಕಾಯುತ್ತ, ರಸ್ತೆ ಬದಿಯಲ್ಲಿ ಚಾಪೆ ಹಾಸಿ, ಅಂಟಕ್ಕಿ ಅನ್ನದ ಬುಟ್ಟಿಯನ್ನು ಮುಂದಿಟ್ಟುಕೊಂಡು ಮಂಡಿಯೂರಿ ಕೂತಿದ್ದರು. ನದಿ ಕಡೆಯಿಂದ ಬಂದ ಮರಳು ಲಾರಿ ರಸ್ತೆ ಬಿಟ್ಟು ಇಳಿದು, ಅವರ ಮೇಲೆ ಹಾದು, ಮತ್ತೆ ರಸ್ತೆಗೆ ಹತ್ತಿ ಹೊರಟೇಹೋಯಿತು. ನಿಲ್ಲಿಸಲಿಲ್ಲ.

ಕಂಬಗಳ ಮೇಲೆ ನಿಂತ ನಮ್ಮ ಮನೆಯ ಕೆಳಗೆ ಫರಂಗಿ ಅಳಿಯ ಹಲಗೆಗೆ ತೋಪಡ ಹಾಕಿ ನಯಮಾಡುತ್ತಿದ್ದ. ಮೊದಲು ಓಡಿದ್ದು ಅವನೇ. ಅಜ್ಜಿಯ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದು, ಅವನ ಭಾಷೆಯಲ್ಲಿ ಏನೇನೋ ಹೇಳುತ್ತಿದ್ದ. ಹಿರಿಯರ ತಲೆ ಮುಟ್ಟಬಾರದೆಂದು ಅವನಿಗೆ ನೂರು ಸಲ ಹೇಳಿದ್ದೇನೆ. ಇವತ್ತು ಹೇಳಲಿಲ್ಲ.

ಪೊಲೀಸರು ಬಂದರು. ಫರಂಗಿ ಗಟ್ಟಿಯಾಗಿ, ಬೀದಿಗೆಲ್ಲ ಕೇಳುವಂತೆ ಹೇಳಿದ: "ಮರಳು ಲಾರಿ. ಹಿಂದೆ ಕೆಂಪು ಬಣ್ಣ. ನಂಬರ್ ಕೊನೆಗೆ ನಾಲ್ಕು, ಏಳು. ತಾವೊನ್ ಲಾರಿ." ಅವನ ಬಾಯಿಂದ ಆ ಹೆಸರು ಬಿದ್ದದ್ದೇ ತಡ, ನೆರೆದಿದ್ದವರಿಗೆಲ್ಲ ಒಲೆಯ ಮೇಲೆ ಅನ್ನ ಇಟ್ಟು ಬಂದದ್ದು ನೆನಪಾಯಿತು.

ನನ್ನನ್ನೂ ಕೇಳಿದರು. ನಾನು ಒಳಗಿದ್ದೆ ಎಂದೆ. ಏನೂ ನೋಡಲಿಲ್ಲ ಎಂದೆ.


ನವೆಂಬರ್ 27, ಮಂಗಳವಾರ

ವಿಹಾರದಲ್ಲಿ ಶವದ ಕೈಗೆ ನೀರೆರೆಯುವ ಶಾಸ್ತ್ರ. ಸರತಿಯಲ್ಲಿ ನಿಂತು ಹೋಗಿ, ಆ ಒಣಗಿದ ಅಂಗೈ ಮೇಲೆ ಮಲ್ಲಿಗೆ ಹಾಕಿದ ನೀರು ಬಿಟ್ಟು, ನಡೆನುಡಿಯಲ್ಲಿ ತಪ್ಪಾಗಿದ್ದರೆ ಮನ್ನಿಸಿ ಅನ್ನಬೇಕು. ಎಲ್ಲರೂ ಅನ್ನುತ್ತಾರೆ. ನನಗೆ ಮಾತ್ರ ಗಂಟಲಿನಿಂದ ಸ್ವರ ಹೊರಡಲಿಲ್ಲ. ಹಿಂದೆ ನಿಂತಿದ್ದ ಲಮ್ಯೈ, ಅಜ್ಜಿಯ ತಮ್ಮನ ಮಗಳು, ಪಾಪ, ನಾನು ದುಃಖಕ್ಕೆ ಕಟ್ಟಿಹೋಗಿದ್ದೇನೆ ಅಂದುಕೊಂಡು ಬೆನ್ನು ಸವರಿದಳು.

ಫರಂಗಿಯೂ ಬಂದಿದ್ದ. ಕರಿ ಅಂಗಿ ಹಾಕಿದ್ದ, ಅಷ್ಟರ ಮಟ್ಟಿಗೆ ಸರಿ. ಆದರೆ ಭಿಕ್ಷುಗಳ ಎದುರು ಕಾಲು ಚಾಚಿ ಕೂತ. ಹೋಗುವಾಗ ಕೂತವರ ಕಾಲು ದಾಟಿಕೊಂಡೇ ಹೋದ. ಚಿಕ್ಕವರೇ ಮೊದಲು ಕೈ ಮುಗಿಯಬೇಕು, ಇವನು ತಟ್ಟೆ ತೊಳೆಯುವ ಹುಡುಗಿಗೆ ತಾನೇ ಮೊದಲು ಮುಗಿದ. ಅವಳು ನಾಚಿ ಹಿತ್ತಲಿಗೆ ಓಡಿದಳು. ಮೂವತ್ತಾರು ವರ್ಷ ಶಾಲೆಯಲ್ಲಿ ನಡವಳಿಕೆ ಕಲಿಸಿದ್ದೇನೆ. ಪ್ರಾಂತ್ಯದ ಸ್ಪರ್ಧೆಯಲ್ಲಿ ನನ್ನ ಮಕ್ಕಳು ನಾಲ್ಕು ಸಲ ಗೆದ್ದಿದ್ದಾರೆ. ಇವನು ಬಂದು ಎಂಟು ತಿಂಗಳಾಯಿತು, ಹೊಸ್ತಿಲು ತುಳಿಯುವುದನ್ನು ಬಿಡಿಸಲು ನನ್ನಿಂದ ಆಗಿಲ್ಲ. ಊರವರು ನೋಡಿ ನಗುತ್ತಾರೆ. ಬಾಯಿಬಿಟ್ಟು ಯಾರೂ ಏನೂ ಅನ್ನುವುದಿಲ್ಲ.

ಮಗಳು ನಿಪಾ ಬ್ಯಾಂಕಾಕಿನಿಂದ ಫೋನು ಮಾಡಿದ್ದಳು. ಅವಳ ನರ್ಸ್ ತರಬೇತಿ ಮುಗಿಯುವುದು ಜನವರಿ ಕೊನೆಗೆ. "ಅಮ್ಮಾ, ಅವನು ಎಲ್ಲರ ಮುಂದೆ ಆ ಹೆಸರು ಹೇಳಿದ್ನಂತೆ, ಹೌದಾ?"

"ಹೇಳಿದ."

"ಒಂದ್ಕಣ್ಣಿಟ್ಟಿರಮ್ಮ ಅವನ ಮೇಲೆ" ಎಂದಳು.


ಡಿಸೆಂಬರ್ 1, ಶನಿವಾರ

ಆಗಬಾರದ್ದು ಆಯಿತು.

ಇವತ್ತು ದಹನ. ಖರ್ಚೆಲ್ಲ ಸಾಹುಕಾರ ತಾವೊನ್‌ನದು ಎಂದು ಮೊನ್ನೆಯೇ ಸುದ್ದಿಯಿತ್ತು. ಹಾಗಾಗಿ ಮುಖ್ಯ ಅತಿಥಿಯೂ ಅವನೇ. ಬಿಳಿ ಅಂಗಿ, ತೋಳಿಗೆ ಕಪ್ಪು ಪಟ್ಟಿ, ಹಸನ್ಮುಖ. ಶಾಲೆಯ ಛಾವಣಿಯ ಮೇಲೆ, ವಿಹಾರದ ಗಂಟೆಗೋಪುರದ ಮೇಲೆ, ಬಸ್ಸಿಗೆ ಕಾಯುವ ಕಲ್ಲುಬೆಂಚಿನ ಮೇಲೆ ಎಲ್ಲ ಕಡೆಯೂ ಅವನ ಹೆಸರಿದೆ. ಶವಪೆಟ್ಟಿಗೆಯ ಮುಂದೆ ಹೂವು, ಭಿಕ್ಷುಗಳಿಗೆ ಕೊಡುವ ಕಾವಿಬಟ್ಟೆ ಇಟ್ಟು, ತಲೆ ಬಾಗಿ, ತಿರುಗಿದ. ಆಗ ಫರಂಗಿ ಎದ್ದು ನಿಂತ. ಇನ್ನೂರು ಜನ ನೆಲದ ಮೇಲೆ ಕೂತಿರುವಾಗ ಅವನೊಬ್ಬನೇ ಅಷ್ಟೆತ್ತರಕ್ಕೆ ನಿಂತ. ಕೈ ಚಾಚಿದ. ಬೆರಳನ್ನು ನೇರ ಸಾಹುಕಾರನ ಮುಖಕ್ಕೆ ತೋರಿಸಿದ.

"ನಿನ್ನ ಲಾರಿ" ಎಂದ. "ನಿನಗೆ ಗೊತ್ತು. ನೀನು ಹೂವು ತಂದೆ. ಡ್ರೈವರ್ ತರಲಿಲ್ಲ."

ನಾನು ಅವನ ಪ್ಯಾಂಟು ಹಿಡಿದು ಎಳೆದೆ. ಅವನು ಕೂರಲಿಲ್ಲ.

ಸಾಹುಕಾರ ನಕ್ಕ. ತನಗಿಂತ ಇಪ್ಪತ್ತು ವರ್ಷ ಚಿಕ್ಕವನಿಗೆ ತಾನೇ ಕೈ ಮುಗಿದ. "ಫರಂಗಿ ಸ್ನೇಹಿತರಿಗೆ ದುಃಖ ಜಾಸ್ತಿಯಾಗಿದೆ. ಬಿಸಿಲೂ ಇದೆ. ನೀರು ಕೊಡಿ ಯಾರಾದ್ರೂ" ಎಂದ.

ಜನರೂ ನಕ್ಕರು. ನಾನೂ ನಕ್ಕೆ. ದೇವರೇ, ನಾನೂ ನಕ್ಕೆ.

ಸಿಟ್ಟು ಮಾಡಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಅಷ್ಟು ಜನರೆದುರು ಮಾನ, ಮುಖ ಎರಡೂ ಹೋದವನು ನಕ್ಕರೆ, ಆ ನಗುವನ್ನು ಅವನು ಮನೆಗೆ ಒಯ್ಯುತ್ತಾನೆ.


ಡಿಸೆಂಬರ್ 3, ಸೋಮವಾರ

ಸಂತೆಯಲ್ಲಿ ಸೊಪ್ಪಿನವಳು ನನಗೆ ಎರಡು ಕಟ್ಟು ಹೆಚ್ಚಿಗೆ ಹಾಕಿದಳು, ಕಣ್ಣೆತ್ತದೆ. ಸಾವಿನ ಮನೆಯವರಿಗೆ ಹಾಗೆ ಹಾಕುತ್ತಾರೆ.

ಸಂಜೆ ಹರಟೆಗೆ ಬರುತ್ತಿದ್ದವರು ಯಾರೂ ಬರಲಿಲ್ಲ. ಒಬ್ಬಳಿಗೆ ಮಂಡಿ ನೋವಂತೆ, ಒಬ್ಬಳಿಗೆ ಮೊಮ್ಮಗುವಿಗೆ ಜ್ವರವಂತೆ. ಎಲ್ಲರೂ ಕಾರಣವನ್ನು ನಯವಾಗಿ ಹೇಳಿ ಕಳಿಸಿದ್ದಾರೆ. ನಾನೇ ಕಲಿಸಿದ ನಯ.


ಡಿಸೆಂಬರ್ 6, ಗುರುವಾರ

ಮೂರು ದಿನದಿಂದ ಐದೂವರೆಗೆ ಸರಿಯಾಗಿ ಒಂದು ಬೈಕು ನಮ್ಮ ಗೇಟಿನೆದುರು ನಿಲ್ಲುತ್ತಿದೆ. ಕಪ್ಪು ಹೆಲ್ಮೆಟ್, ಮುಖ ಕಾಣದ ಗಾಜು. ಎಂಜಿನ್ ಆರಿಸುವುದಿಲ್ಲ. ಸುಮ್ಮನೆ ನಿಂತು, ಫರಂಗಿ ಕೆಲಸ ಮಾಡುವ ಜಾಗವನ್ನೇ ನೋಡಿ, ಹತ್ತು ನಿಮಿಷಕ್ಕೆ ಹೊರಟುಹೋಗುತ್ತದೆ.

ಇವತ್ತು ಫರಂಗಿ ಕೈ ಬೀಸಿದ. "ಊಟ ಆಯ್ತಾ?" ಎಂದು ಕೂಗಿ ಕೇಳಿದ. ಯಾರನ್ನು ಕಂಡರೂ ಹಾಗೆ ಕೇಳಬೇಕೆಂದು ಕಲಿಸಿದವಳು ನಾನೇ.

ಗೇಟಿಗೆ ಇನ್ನೊಂದು ಬೀಗ ತಂದೆ.


ಡಿಸೆಂಬರ್ 7, ಶುಕ್ರವಾರ

ಅಮಾವಾಸ್ಯೆ, ಶೀಲ ತೆಗೆದುಕೊಳ್ಳುವ ದಿನ. ಹಿರಿಯ ಭಿಕ್ಷು ಹೇಳಿಕೊಟ್ಟಂತೆ ಎಲ್ಲರೂ ಐದು ಶೀಲ ಹೇಳಿದೆವು. ನಾಲ್ಕನೆಯದು ಬಂತು: ಮುಸಾವಾದಾ ವೇರಮಣೀ. ಸುಳ್ಳಾಡುವುದಿಲ್ಲ. ನನಗೆ ಕೆಮ್ಮು ಬಂದಂತಾಯಿತು. ಬಾಯಿಗೆ ಶಲ್ಯದ ಅಂಚು ಹಿಡಿದೆ. ಐದನೆಯದಕ್ಕೆ ಸ್ವರ ಮತ್ತೆ ಬಂತು.


ಡಿಸೆಂಬರ್ 10, ಸೋಮವಾರ

ಮಧ್ಯಾಹ್ನ ಹನ್ನೆರಡಕ್ಕೆ ಹೂವಿನಂಗಡಿಯ ವ್ಯಾನು ಬಂತು. ನಾನು ಸ್ನಾನದಲ್ಲಿದ್ದೆ. ಹೊರಬಂದಾಗ ಅಳಿಯ ಮೆಟ್ಟಿಲ ಮೇಲೆ ನಿಂತಿದ್ದ, ಮುಖವೆಲ್ಲ ಹಲ್ಲು. ಕೈಯಲ್ಲಿ ದುಂಡಗಿನ ಹೂಚಕ್ರ. ಹಸಿರೆಲೆ, ನಡುನಡುವೆ ಕೆಂಪು ಹೂವು.

"ಅಮ್ಮ, ಯಾರೋ ಹೂವು ಕಳಿಸಿದರು! ನಮ್ಮ ಊರಲ್ಲಿ ಈ ತಿಂಗಳು ಬಾಗಿಲಿಗೆ ಹೀಗೇ ಹಾಕುತ್ತಾರೆ. ಕ್ರಿಸ್ಮಸ್. ಇಲ್ಲಿಯ ಜನ ಎಷ್ಟು ಒಳ್ಳೆಯವರು."

ಮೊಳೆ ಹೊಡೆದು ಬಾಗಿಲಿಗೆ ತೂಗುಹಾಕಲು ಸುತ್ತಿಗೆಯನ್ನೂ ತಂದಿದ್ದ. ಅವನಿಗೆ ನಮ್ಮ ಅಕ್ಷರ ಓದಲು ಬರುವುದಿಲ್ಲ. ಚಕ್ರಕ್ಕೆ ಅಡ್ಡಲಾಗಿ ಕಟ್ಟಿದ್ದ ಬಿಳಿ ಪಟ್ಟಿಯ ಮೇಲೆ ಬರೆದಿತ್ತು: ಯೋರಿಸ್ ಅವರ ಆತ್ಮಕ್ಕೆ ಶಾಂತಿ ಸಿಗಲಿ.

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ.

"ಏನು ಬರೆದಿದೆ?" ಎಂದ.

ಹೇಳಲೇಬೇಕಾಯಿತು. ಅವನು ಹೆಬ್ಬೆರಳಿನಿಂದ ತನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಮುಟ್ಟಿ, "ಇದು ಯೋ? ಇದು ರಿ?" ಎಂದು ಕೇಳಿದ. ಅವನ ಹೆಸರನ್ನು ನಮ್ಮ ಅಕ್ಷರದಲ್ಲಿ ಅವನು ಮೊದಲ ಸಲ ನೋಡಿದ್ದು ಅದು. ಇಷ್ಟು ದಿನದಲ್ಲಿ ನಾನೂ ಬರೆದು ತೋರಿಸಿರಲಿಲ್ಲ.

ಅಂಗಡಿಯವಳಿಗೆ ಫೋನು ಮಾಡಿದೆ. "ಟೀಚರಮ್ಮ, ನಂಗೇನೂ ಗೊತ್ತಿಲ್ಲ, ಫೋನಲ್ಲಿ ಹೇಳಿದ್ರು, ಬರೆದೆ. ನನ್ನ ಹೆಸರು ಎಲ್ಲೂ ಎತ್ತಬೇಡಿ, ಕಾಲಿಗ್ಬೀಳ್ತೀನಿ" ಎಂದು ಇಟ್ಟುಬಿಟ್ಟಳು.


ಡಿಸೆಂಬರ್ 11, ಮಂಗಳವಾರ

ಬರೆದು ಹೊಡೆದುಹಾಕುತ್ತೇನೆ. ಒಂದು ಸಲ ಬರೆದು ನೋಡುತ್ತೇನೆ.

ನಾನು ಒಳಗಿರಲಿಲ್ಲ. ನನ್ನ ಅನ್ನದ ಬುಟ್ಟಿ ಹಿಡಿದು ಮೆಟ್ಟಿಲಿಳಿಯುತ್ತಿದ್ದೆ. ಶಲ್ಯ ಹುಡುಕುತ್ತ ತಡವಾಗದಿದ್ದರೆ ಅಜ್ಜಿಯ ಪಕ್ಕ ಅದೇ ಚಾಪೆಯ ಮೇಲೆ ಇರುತ್ತಿದ್ದೆ. ಲಾರಿಯನ್ನು ನೋಡಿದೆ. 47 ನೋಡಿದೆ. ಡ್ರೈವರು ತಲೆ ತಗ್ಗಿಸಿ ಫೋನು ನೋಡುತ್ತಿದ್ದ. ಚಕ್ರ ಎದ್ದಾಗ ತಲೆಯೆತ್ತಿದ. ಲಮ್ಯೈಯ ಅಂಗಡಿಯಲ್ಲಿ ದಿನಾ ಊಟ ಮಾಡುವ ದಾಮ್. ಅವನು ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ.

ಯೋರಿಸ್ ಓಡಿಬಂದಾಗ ಅವನಿಗೆ ಕಂಡದ್ದು ಲಾರಿಯ ಬೆನ್ನು ಮಾತ್ರ. ಒಬ್ಬ ಫರಂಗಿ, ಒಂದು ಬೆನ್ನು, ಎರಡು ಅಂಕಿ. ಅಷ್ಟರಿಂದ ಏನೂ ಆಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ದಾಮ್‌ಗೂ ಗೊತ್ತು, ಸಾಹುಕಾರನಿಗೂ ಗೊತ್ತು. ಆದರೂ ಹೂಚಕ್ರ ಅವನಿಗೆ ಬಂತು.

ಹೊಡೆದುಹಾಕಲು ಕೈ ಬರುತ್ತಿಲ್ಲ. ಪುಸ್ತಕವನ್ನೇ ಅಕ್ಕಿಡಬ್ಬದ ತಳಕ್ಕೆ ಹಾಕುತ್ತೇನೆ.


ಡಿಸೆಂಬರ್ 14, ಶುಕ್ರವಾರ

ಲಮ್ಯೈ ಬಂದಿದ್ದಳು. ಸುಟ್ಟ ಕೋಳಿ ತಂದಿದ್ದಳು. ಬಾಳೆಲೆ ಬಿಚ್ಚಿ ನನ್ನ ಮುಂದಿಟ್ಟಳು.

"ಸಾಹುಕಾರ್ರು ಹೇಳಿ ಕಳ್ಸಿದ್ದಾರೆ ಟೀಚರಮ್ಮ. ದೊಡ್ಡ ಮನಸ್ಸು ಅವರದ್ದು. ಹುಣ್ಣಿಮೆ ದಿನ, ಶೀಲ ತಗೊಂಡಾದ್ಮೇಲೆ, ವಿಹಾರದಲ್ಲಿ ಎಲ್ಲರ ಮುಂದೆ ಹೂವು, ಮೇಣದ ಬತ್ತಿ, ಊದಿನಕಡ್ಡಿ ತಟ್ಟೇಲಿಟ್ಟು ಕ್ಷಮೆ ಕೇಳಿದ್ರೆ ಸಾಕಂತೆ. ಅಲ್ಲಿಗೆ ಮುಗೀತು ಅಂದ್ರು."

"ಮುಗೀತು ಅಂದ್ರೆ?"

"ಫರಂಗಿ ಠಾಣೆಗೆ ಹೋಗಿ ನಂಗೆ ಸರಿಯಾಗಿ ಕಾಣ್ಲಿಲ್ಲ ಅಂದ್ರೆ ಮುಗೀತು."

"ನಿಮ್ಮತ್ತೆ ಅಲ್ವೇನೇ ಹೋದದ್ದು, ಲಮ್ಯೈ."

ಅವಳು ಕೋಳಿಯ ರೆಕ್ಕೆ ಮುರಿಯುತ್ತ ಮುರಿಯುತ್ತ ಅತ್ತಳು. "ಹೋದವರು ಹೋದ್ರು. ನನ್ನಂಗಡಿ ಇರೋದು ಅವರ ಜಾಗದಲ್ಲಿ. ನಾನೆಲ್ಲಿಗೆ ಹೋಗ್ಲಿ?"

ಅವಳು ಹೋದ ಮೇಲೆ ಯೋರಿಸ್‌ಗೆ ಹೇಳಿದೆ. ಜಗಳವಾಯಿತು. ಜೀವನದಲ್ಲಿ ಯಾರೊಡನೆಯೂ ಅಷ್ಟು ಜೋರಾಗಿ ಮಾತಾಡಿದವಳಲ್ಲ ನಾನು.

"ಬೆರಳು ತಪ್ಪು. ಸರಿ. ಬೆರಳಿಗೆ ಕ್ಷಮೆ ಕೇಳುತ್ತೇನೆ" ಎಂದ. "ಲಾರಿ ತಪ್ಪಲ್ಲ. ಲಾರಿ ನೋಡಿದೆ. ಕಣ್ಣಿಗೆ ಕ್ಷಮೆ ಕೇಳುವುದಿಲ್ಲ."

"ನಿನಗೆ ಇಲ್ಲಿಯ ರೀತಿ ಗೊತ್ತಿಲ್ಲ. ಇಲ್ಲಿ ನೋಡಿದ್ದನ್ನೆಲ್ಲ ಹೇಳೋದಿಲ್ಲ. ಎದುರಿನವರ ಮುಖ ಉಳಿಸ್ಬೇಕು. ದಾಕ್ಷಿಣ್ಯ ಅನ್ನೋದೊಂದಿರತ್ತೆ."

"ಅಜ್ಜಿಯ ಮುಖ?"

ಅವನ ಭಾಷೆ ಅರೆಬರೆ. ಮುಖ ಉಳಿಸುವುದು ಅಂದರೆ ಏನೆಂದು ಅವನಿಗೆ ಅರ್ಥವಾಗಿಲ್ಲ. ಅವನು ಕೇಳಿದ್ದು ಬೇರೆ ಮುಖ. ಆ ಬೆಳಿಗ್ಗೆ ತೊಡೆಯ ಮೇಲಿಟ್ಟುಕೊಂಡದ್ದು.

ನಾನು ಎದ್ದು ಅಡುಗೆಮನೆಗೆ ಹೋದೆ.


ಡಿಸೆಂಬರ್ 17, ಸೋಮವಾರ

ಏನು ಮೈಮೇಲೆ ಬಂದಿತ್ತೋ ಗೊತ್ತಿಲ್ಲ. ಬೈಕು ಬಂದು ನಿಂತಿತು, ಐದೂವರೆ. ಯೋರಿಸ್ ಮರ ತರಲು ಹೋಗಿದ್ದ. ನಾನು ತುಳಸಿಗೆ ನೀರು ಹಾಕುತ್ತಿದ್ದೆ. ಚೊಂಬು ಕೆಳಗಿಟ್ಟೆ. ಬೀಗ ಎರಡನ್ನೂ ತೆಗೆದು, ಗೇಟು ದಾಟಿ, ಬೈಕಿನ ಮುಂದೆ ನಿಂತೆ.

"ಹಿರಿಯರೆದುರು ಹೆಲ್ಮೆಟ್ ಹಾಕ್ಕೊಂಡು ನಿಲ್ತಾರೇನೋ? ತೆಗಿ."

ಎಂಜಿನ್ ಗುರುಗುಟ್ಟುತ್ತಲೇ ಇತ್ತು.

"ಎಂಜಿನ್ನೂ ಆರ್ಸು. ಇಳಿ ಕೆಳಗೆ."

ಇಳಿದ. ಹೆಲ್ಮೆಟ್ ತೆಗೆದ. ಮೂವತ್ತರ ಆಸುಪಾಸು, ಕುತ್ತಿಗೆಯ ಮೇಲೆ ಹುಲಿಯ ಹಚ್ಚೆ. ಕಣ್ಣು ಮಾತ್ರ ನಾಲ್ಕನೇ ತರಗತಿಯದೇ. ವಿರೋತ್. ನಡವಳಿಕೆ ಸ್ಪರ್ಧೆಗೆ ನಾನೇ ಆರಿಸಿದ್ದ, ಆಮೇಲೆ ಜ್ವರ ಬಂದು ಬಿಟ್ಟುಹೋದ ಹುಡುಗ. ಅಂಗೈ ಜೋಡಿಸಿ, ಹೆಬ್ಬೆರಳು ಹುಬ್ಬಿನ ನಡುವೆ ತಾಗುವಂತೆ ತಲೆ ಬಾಗಿಸಿದ, ಶಿಕ್ಷಕರಿಗೆ ಮುಗಿಯುವ ಕೈ. ಒಂದು ಕೂದಲೆಳೆ ತಪ್ಪಿರಲಿಲ್ಲ.

"ನಿಮ್ಮನೆ ಅಂತ ಗೊತ್ತಿರ್ಲಿಲ್ಲ ಟೀಚರ್. ಗೊತ್ತಾದ್ಮೇಲೆ ಬಿಡೋಕೂ ಆಗ್ಲಿಲ್ಲ."

"ನಿಂತ್ಕೊಂಡು ಏನು ನೋಡ್ತೀಯೋ ದಿನಾ?"

"ನಿಂತ್ಕೋ ಅಂದಿದ್ದಾರೆ, ನಿಂತ್ಕೋತೀನಿ. ನಂಗೆ ಅಷ್ಟೇ ಕೆಲ್ಸ." ಆಚೀಚೆ ನೋಡಿ ಸ್ವರ ತಗ್ಗಿಸಿದ. "ಹುಣ್ಣಿಮೆ ದಿನ ಫರಂಗಿ ಸರಿಯಾಗಿ ನಡ್ಕೊಂಡ್ರೆ ಒಳ್ಳೇದು ಟೀಚರ್. ಇಲ್ದಿದ್ರೆ ಆಮೇಲೆ ನನ್ನ ಕಳ್ಸಲ್ಲ. ಬೇರೆಯವ್ರನ್ನ ಕಳಿಸ್ತಾರೆ. ಅವರು ನಿಮ್ಮತ್ರ ಓದಿದವರಲ್ಲ."

ಮತ್ತೆ ಕೈ ಮುಗಿದು ಹೋದ. ನಾನು ಒಳಗೆ ಬಂದು ಎರಡು ಬೀಗವನ್ನೂ ಹಾಕಿದೆ.


ಡಿಸೆಂಬರ್ 20, ಗುರುವಾರ

ಯೋರಿಸ್‌ಗೆ, ಈಗ ನಾನು ಯೋ ಅನ್ನುತ್ತೇನೆ, ನಮಸ್ಕಾರ ಕಲಿಸುತ್ತಿದ್ದೇನೆ. ಬೆರಳಿಗೆ ಮಾತ್ರ ಕ್ಷಮೆ ಕೇಳುತ್ತೇನೆಂದು ಒಪ್ಪಿದ್ದಾನೆ, ನನಗೋಸ್ಕರ. ಮಂಡಿಯೂರಿ, ಹಿಮ್ಮಡಿಯ ಮೇಲೆ ಕೂತು, ಮೊಣಕೈ ನೆಲಕ್ಕೆ, ಅಂಗೈ ನೆಲಕ್ಕೆ, ಆಮೇಲೆ ಹಣೆ. ಅವನ ಮಂಡಿ ಬಡಗಿಯ ಮಂಡಿ, ಬಗ್ಗುವುದೇ ಇಲ್ಲ. ಮೂರನೇ ಸಲಕ್ಕೆ ಹಿಂದಕ್ಕೆ ಉರುಳಿ ಬಿದ್ದ. ಅಜ್ಜಿ ಸತ್ತ ಮೇಲೆ ಮನೆಯಲ್ಲಿ ಮೊದಲ ಸಲ ನಗು ಬಂತು. ಮರುಕ್ಷಣ ಇಬ್ಬರಿಗೂ ಬೇಡವೆನಿಸಿತು.

"ಅಮ್ಮ, ನೀನು ಹೆದರುತ್ತೀಯಾ?" ಎಂದ.

"ನೀವು ಹೆದರ್ತೀರಾ ಅನ್ಬೇಕು. ದೊಡ್ಡವರಿಗೆ ನೀನು ಅನ್ನಬಾರ್ದು."

"ನೀವು ಹೆದರುತ್ತೀರಾ?"

"ಬೆನ್ನು ನೇರ ಮಾಡು" ಎಂದೆ.

ನಿಪಾಗೆ ಹೂಚಕ್ರದ ವಿಷಯ ಇನ್ನೂ ಹೇಳಿಲ್ಲ. ಅವನನ್ನು ಅವನ ಊರಿಗೆ ಕಳಿಸಿಬಿಡಲೇ ಎಂದು ದಿನಕ್ಕೆ ಹತ್ತು ಸಲ ಯೋಚಿಸುತ್ತೇನೆ. ಆಮೇಲೆ ಅವನಿಲ್ಲದ ಮನೆ ನೆನೆಸಿಕೊಂಡರೆ ಅದೂ ಹೆದರಿಕೆಯೇ.


ಡಿಸೆಂಬರ್ 22, ಶನಿವಾರ

ಸಾವಧಾನವಾಗಿ, ಆದದ್ದನ್ನು ಆದಂತೆ ಬರೆಯುತ್ತೇನೆ.

ಸಭಾಂಗಣ ತುಂಬಿತ್ತು. ಸಾಹುಕಾರ ಮುಂದಿನ ಸಾಲಿನಲ್ಲಿ, ಭಿಕ್ಷುಗಳ ವೇದಿಕೆಯ ಬದಿಗೆ. ಶೀಲ ಹೇಳಿದೆವು. ನಾಲ್ಕನೆಯದಕ್ಕೆ ನನಗೆ ಇವತ್ತೂ ಸ್ವರ ಬರಲಿಲ್ಲ. ಲಮ್ಯೈ ತಟ್ಟೆ ಸಿದ್ಧಮಾಡಿಟ್ಟಿದ್ದಳು: ಬಾಳೆಲೆಯ ಕೊಟ್ಟೆ, ಚೆಂಡುಹೂವು, ಒಂದು ಜೊತೆ ಮೇಣದ ಬತ್ತಿ. ನಾನು ಮುಂದೆ, ಯೋ ಹಿಂದೆ, ಮಂಡಿಯಲ್ಲೇ ತೆವಳಿ ಹೋದೆವು. ಇನ್ನೂರು ಜನರ ಉಸಿರು ಬೆನ್ನಿಗೆ ತಾಗುತ್ತಿತ್ತು.

ಯೋ ಬಗ್ಗಿದ. ಒಂದು ಸಲವೂ ಉರುಳಲಿಲ್ಲ. ಕಲಿಸಿದಂತೆಯೇ ಹೇಳಿದ: "ಸಾಹುಕಾರರಿಗೆ ನಾನು ಬೆರಳು ತೋರಿಸಿದೆ. ಅದು ಅಸಭ್ಯ. ಕ್ಷಮಿಸಬೇಕು." ಅಷ್ಟು ಹೇಳಿ ಸುಮ್ಮನಾದ. ಇನ್ನೂ ಏನಾದರೂ ಬರುತ್ತದೆಂದು ಜನ ಕಾದರು. ಬರಲಿಲ್ಲ.

ಸಾಹುಕಾರ ಅದೇ ನಗುವಿನಲ್ಲಿ ಬಲಗೈ ಚಾಚಿ ತಟ್ಟೆಯ ಅಂಚಿನ ಮೇಲಿಟ್ಟ. ಕ್ಷಮೆ ಒಪ್ಪಿದಂತೆ. ನಾನು ಬಗ್ಗಿಯೇ ಇದ್ದೆ. ಬಗ್ಗಿದಾಗ ನೆಲ ಬಿಟ್ಟು ಬೇರೇನೂ ಕಾಣುವುದಿಲ್ಲ, ಯಾರ ಮುಖವೂ ಕಾಣುವುದಿಲ್ಲ. ಅದರಿಂದಲೇ ಧೈರ್ಯ ಬಂತೋ ಏನೋ. ಹೇಳಬೇಕೆಂದುಕೊಂಡು ಹೋದದ್ದಲ್ಲ.

"ಇನ್ನೊಂದು ತಪ್ಪಿದೆ ಸಾಹುಕಾರ್ರೆ. ಅದು ನಂದು" ಎಂದೆ.

"ಟೀಚರಮ್ಮನದ್ದೇನು ತಪ್ಪು, ಏಳಿ ಏಳಿ" ಎಂದ.

"ಪೊಲೀಸರ ಹತ್ರ ನಾನು ಒಳಗಿದ್ದೆ ಅಂದೆ. ಸುಳ್ಳು. ಮೆಟ್ಲ ಮೇಲಿದ್ದೆ. ಅಜ್ಜೀನ ಹೊಡೆದ ಲಾರಿ 47. ನಿಮ್ಮದು. ಓಡಿಸ್ತಾ ಇದ್ದವನು ದಾಮ್. ಫೋನ್ ನೋಡ್ತಿದ್ದ. ನಾನು ಇದನ್ನ ಅವತ್ತೇ ಬಂದು ನಿಮಗೆ ಹೇಳ್ಬೇಕಿತ್ತು. ಹೇಳಿದ್ರೆ ನೀವು ಅವತ್ತೇ ಅವನನ್ನ ಠಾಣೆಗೆ ಕರ್ಕೊಂಡು ಹೋಗ್ತಿದ್ರಿ, ನಂಗೊತ್ತು. ನನ್ನ ಬಾಯಿಂದಾಗಿ ಇಷ್ಟು ದಿನ ನಿಮ್ಮ ಹೆಸರಿಗೆ ಅಪವಾದ ಬಂತು. ವಯಸ್ಸಾದವಳು, ದಡ್ಡಿ, ಹೆದರಿಬಿಟ್ಟೆ. ಕ್ಷಮಿಸ್ಬೇಕು."

ಹಣೆ ನೆಲಕ್ಕಿಟ್ಟೆ. ಒಂದು ಸಲ, ಎರಡು ಸಲ, ಮೂರು ಸಲ.

ತಟ್ಟೆಯ ಮೇಲೆ ಅವನ ಕೈ ಇನ್ನೂ ಇತ್ತು. ತೆಗೆದರೆ ಕ್ಷಮೆ ನಿರಾಕರಿಸಿದಂತೆ. ಇಟ್ಟರೆ ನಾನು ಹೇಳಿದ್ದಕ್ಕೆಲ್ಲ ಒಪ್ಪಿದಂತೆ. ಅವನ ಉಂಗುರ ತಟ್ಟೆಯ ಅಂಚಿಗೆ ಟಿಕ್ ಟಿಕ್ ಎಂದು ಬಡಿಯುತ್ತಿದ್ದುದು ಕೇಳುತ್ತಿತ್ತು. ಎಷ್ಟು ಹೊತ್ತೋ.

ಹಿಂದಿನಿಂದ ಯಾರೋ "ಸಾಧು" ಎಂದರು. ಒಳ್ಳೆಯದಾಯಿತು, ಒಪ್ಪಿದೆವು ಎಂದು ವಿಹಾರದಲ್ಲಿ ಅನ್ನುವ ಮಾತು. ಹೆಣ್ಣಿನ ಸ್ವರ, ಒಡೆದ ಸ್ವರ. ಲಮ್ಯೈ. ಆಮೇಲೆ ಇನ್ನೊಬ್ಬರು. ಆಮೇಲೆ ಇಡೀ ಸಭಾಂಗಣ, ತಗ್ಗಿದ ಸ್ವರದಲ್ಲಿ, ಸಾಧು, ಸಾಧು.

ಸಾಹುಕಾರ "ಸಾಧು" ಎಂದ. ಅವನೂ ಅನ್ನಲೇಬೇಕಿತ್ತು.

ಮನೆಗೆ ಬಂದೆವು. ಯೋ ಚೊಂಬಿನಲ್ಲಿ ನೀರು ತಂದುಕೊಟ್ಟ. ಕೇಳಿದ, "ಅಮ್ಮ, ನೀವು ನೋಡಿದ್ದಿರಾ? ಮೊದಲಿನಿಂದ?"

"ನೋಡಿದ್ದೆ."

ಸಿಟ್ಟಾಗಿದ್ದರೆ ಹೇಳಿಬಿಡು ಎಂದೆ. ಇಲ್ಲವೆಂದು ತಲೆಯಾಡಿಸಿದ. ಚೊಂಬು ತೊಳೆದಿಟ್ಟು ಕೆಳಗೆ ಹೋದ. ಇವತ್ತು ಕೆಲಸದ ಸದ್ದು ಕೇಳಲಿಲ್ಲ.


ಡಿಸೆಂಬರ್ 24, ಸೋಮವಾರ

ಏನೂ ಆಗಿಲ್ಲ. ಬೈಕು ಬರುತ್ತಿಲ್ಲ. ಬರುತ್ತಿದ್ದಾಗಲೇ ವಾಸಿಯಿತ್ತು, ಎಲ್ಲಿದೆ ಎಂದು ಗೊತ್ತಿರುತ್ತಿತ್ತು. ಬೇರೆಯವರನ್ನು ಕಳಿಸುತ್ತಾರೆ ಎಂದ ವಿರೋತನ ಮಾತು ಕಿವಿಯಿಂದ ಹೋಗುವುದಿಲ್ಲ. ಸಂತೆಗೆ ಹೋಗಲಿಲ್ಲ. ಯೋನನ್ನೂ ಗೇಟು ದಾಟಲು ಬಿಡಲಿಲ್ಲ. ಅವನ ಹಬ್ಬ ಇವತ್ತು ರಾತ್ರಿಯಿಂದಲಂತೆ. ಅನ್ನ, ಮೊಟ್ಟೆ ಮಾಡಿಟ್ಟೆ.

ನಿಪಾಗೆ ಎಲ್ಲ ಹೇಳಿದೆ. ಅತ್ತಳು, ಬೈದಳು, ಮತ್ತೆ ಅತ್ತಳು.


ಡಿಸೆಂಬರ್ 28, ಶುಕ್ರವಾರ

ಲಮ್ಯೈ ಓಡಿಬಂದು ಹೇಳಿದಳು. ದಾಮ್ ಇವತ್ತು ಬೆಳಿಗ್ಗೆ ಠಾಣೆಗೆ ಬಂದು ಒಪ್ಪಿಕೊಂಡನಂತೆ. ಕರೆದುಕೊಂಡು ಬಂದದ್ದು ಸ್ವತಃ ಸಾಹುಕಾರನೇ. ನನ್ನ ಕೆಲಸಗಾರ ತಪ್ಪು ಮಾಡಿದ್ದಾನೆಂದು ಗೊತ್ತಾದ ಕೂಡಲೇ ತಂದು ಒಪ್ಪಿಸಿದ್ದೇನೆ ಎಂದು ಎಲ್ಲರೆದುರು ಹೇಳಿದನಂತೆ. ಊರವರು ಮೆಚ್ಚಿಕೊಳ್ಳುತ್ತಿದ್ದಾರಂತೆ.

"ಮೆಚ್ಕೊಳ್ಳಲಿ ಬಿಡು" ಎಂದೆ.

"ನನ್ನಂಗಡಿಗೂ ಏನೂ ಅಂದಿಲ್ಲ, ಟೀಚರಮ್ಮ. ಇವತ್ತು ಅಲ್ಲೇ ಊಟಕ್ಕೆ ಬಂದಿದ್ರು. ಅತ್ತೆಯ ನೂರನೇ ದಿನದ ದಾನಕ್ಕೂ ಬರ್ತಾರಂತೆ."

ದಾಮ್‌ನ ಹೆಂಡತಿ ಬಸುರಿಯಂತೆ. ಇದು ನನಗೆ ಗೊತ್ತಿರಲಿಲ್ಲ.


ಜನವರಿ 4, ಶುಕ್ರವಾರ

ಠಾಣೆಯಿಂದ ಕರೆ ಬಂದಿತ್ತು. ಒಪ್ಪಿಕೊಂಡಿದ್ದರೂ ಸಾಕ್ಷಿಯ ಹೇಳಿಕೆ ಬೇಕಂತೆ. ಯೋ ಕೂಡ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಗ್ಗಿ ಒಳಗೆ ಬಂದು, ನನ್ನ ಕುರ್ಚಿಗಿಂತ ತಗ್ಗಾದ ಬೆಂಚು ನೋಡಿ ಕೂತ. ಠಾಣೆಯಲ್ಲಿ ಚಪ್ಪಲಿ ಬಿಡಬೇಕಾಗಿಲ್ಲ ಎಂದು ಹೇಳಿದೆ. ಇರಲಿ ಎಂದ.

ದಾರಿಯಲ್ಲಿ ಸಾಹುಕಾರನ ಕಾರು ಎದುರಾಗಿತ್ತು. ಗಾಜು ಇಳಿಸಿ ನಕ್ಕ. ನಾನು ಕೈ ಮುಗಿದೆ. ಅವನೂ ಮುಗಿದ. ಮುಂದೆ ಹೋದ ಮೇಲೂ ಕಾರು ನಿಧಾನವಾಗಿಯೇ ಹೋಗುತ್ತಿತ್ತು. ನಾನು ತಿರುಗಿ ನೋಡಲಿಲ್ಲ, ಯೋ ನೋಡಿದ.

ಅಧಿಕಾರಿ ಚಿಕ್ಕ ಪ್ರಾಯದವನು. ಮೆಟ್ಟಿಲು, ಶಲ್ಯ, ಲಾರಿ, ಫೋನು, ದಾಮ್‌ನ ಮುಖ ಎಲ್ಲವನ್ನೂ ಕೇಳಿ ಬರೆದುಕೊಂಡ. ಕೊನೆಗೆ ಲೇಖನಿ ಎತ್ತಿ ಕೇಳಿದ: "ಅವತ್ತು ಯಾಕೆ ಏನೂ ನೋಡಿಲ್ಲ ಅಂದ್ರಿ, ಟೀಚರಮ್ಮ?"

"ಹೆದರಿದ್ದೆ."

"ಸರಿ. ಅವತ್ತು ಹೆದರಿಕೆಯಿಂದ ಹೇಳಲಿಲ್ಲ, ಈಗ ಹೆದರಿಕೆ ಇಲ್ಲದ್ದರಿಂದ ಹೇಳ್ತಿದ್ದಾರೆ. ಹೀಗೆ ಬರೀಲಾ?"

"ಬೇಡಪ್ಪ. ಈಗ್ಲೂ ಹೆದರಿಕೆ ಇದೆ. ಹಾಗೇ ಬರಿ."

ಅವನು ನನ್ನನ್ನೇ ನೋಡಿದ. ಆಮೇಲೆ ಬರೆದ. ಓದಲು ಕೊಟ್ಟ. ಹೆದರಿಕೆ ಎಂಬಲ್ಲಿ ಒಂದಕ್ಷರ ತಪ್ಪಿತ್ತು. ಬೆರಳಿಟ್ಟು ತೋರಿಸಿ, ತಿದ್ದಿಸಿ, ಸಹಿ ಹಾಕಿದೆ.